ಹದ್ದು ಬಡಿದ ಪ್ರೊಪೆಲ್ಲರ್

ಬ್ಯಾಟರಾಯನಪುರದ ಆಚೆ, ವಿಮಾನ ಹಾರಿಸಲು ಕಲಿಸುವ ಮೈದಾನದ ಗೋಡೆಯ ಹತ್ತಿರವೇ ಮುನಿಕೆಂಪಮ್ಮ ಮತ್ತು ಅವಳ ಗಂಡ ಆನಂದಪ್ಪನ ಕೋಳಿ ಅಂಗಡಿ. ಪುಕ್ಕ, ಕರುಳು ತುಂಬಿದ ಚೀಲಗಳನ್ನು ಆನಂದಪ್ಪ ಹಿಂದಿನ ಖಾಲಿ ಸೈಟಿಗೆ ಎಸೆಯುತ್ತಿದ್ದ. ಮಾಂಸದ ಕಸ ಒಯ್ಯುವ ಗಾಡಿಗೆ ಯಾರು ಕಾಯುತ್ತಾ ಕೂರುತ್ತಾರೆ ಎನ್ನುವುದು ಅವನ ವಾದ.

ಅವರ ಮಹಡಿಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ದಾಕ್ಷಾಯಣಿ ಅದೇ ಮೈದಾನದಲ್ಲಿ ವಿಮಾನ ರಿಪೇರಿಯ ಇಂಜಿನಿಯರು. ಕಸಕ್ಕೆ ಹದ್ದುಗಳು ಬರುತ್ತವೆ, ಅವು ವಿಮಾನಕ್ಕೆ ಬಡಿಯುತ್ತವೆ ಎಂದು ಅವಳು ಹಿಂದೆಯೇ ಹೇಳಿದ್ದಳು. ಆನಂದಪ್ಪ ನಕ್ಕಿದ್ದ. ಮುನಿಕೆಂಪಮ್ಮ ಕೋಳಿ ತೂಗುತ್ತಲೇ ಇದ್ದಳು.

ಒಂದು ಭಾನುವಾರ ಸೈಟಿನ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಕೆಳಮಟ್ಟದಲ್ಲಿ ಹಾರಿ ಬಂದ ಪುಟ್ಟ ವಿಮಾನದಿಂದ ಟಪ್ಪೆಂದು ಸದ್ದು ಬಂತು. ವಿಮಾನ ಗಡಗಡ ನಡುಗಿತು. ಇಂಜಿನ್ ನಿಂತೇಹೋಯಿತು. ಆಮೇಲೆ ಗೋಡೆಯಾಚೆ ದೂಳು ಮಾತ್ರ ಕಾಣಿಸಿತು.

ಮುನಿಕೆಂಪಮ್ಮನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತೂಗಿದ್ದನ್ನೇ ಮತ್ತೆ ತೂಗಿದಳು. ಮೈದಾನದ ಗೇಟಿನವರೆಗೆ ಹೋಗಿ, ಕೇಳುವ ಧೈರ್ಯವಾಗದೆ ಹಿಂದಿರುಗಿದಳು. ಸಂಜೆ ದಾಕ್ಷಾಯಣಿಯನ್ನು ಮೆಟ್ಟಿಲ ಬಳಿಯೇ ತಡೆದಳು.

ಹದ್ದು ಪ್ರೊಪೆಲ್ಲರಿಗೆ ಬಡಿದು ವಿಮಾನ ನೆಲಕ್ಕೆ ಅಪ್ಪಳಿಸಿತು, ಹಾರಲು ಕಲಿಯುತ್ತಿದ್ದ ಹುಡುಗಿಯ ಭುಜದ ಮೂಳೆ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ ಎಂದಳು ದಾಕ್ಷಾಯಣಿ.

"ಅಷ್ಟು ದೊಡ್ ಫ್ಯಾನಿಗೆ ಒಂದ್ ಹದ್ದು ಏನ್ ಮಾಡೀತಮ್ಮ?" ಅಂಗಡಿ ಮುಚ್ಚಿ ಬಂದ ಆನಂದಪ್ಪ ಕೇಳಿದ.

ದಾಕ್ಷಾಯಣಿ ಬಿಡಿಸಿ ಹೇಳಿದಳು. ಮೂತಿಯಲ್ಲಿ ತಿರುಗುವ ಪ್ರೊಪೆಲ್ಲರೇ ವಿಮಾನವನ್ನು ಮುಂದಕ್ಕೆ ಎಳೆಯುವುದು. ಅದು ತಿರುಗುವ ವೇಗದಲ್ಲಿ ಹಕ್ಕಿಯೂ ಕಲ್ಲಿನ ಹಾಗೆ ಬಡಿಯುತ್ತದೆ. ಸಣ್ಣ ಪೆಟ್ಟಾದರೂ ಬಿರುಕು ಬೆಳೆಯಬಹುದು. ಇವತ್ತಿನಂತೆ ತುದಿಯೇ ಮುರಿದರೆ ಎರಡೂ ಬದಿಯ ತೂಕ ಸಮವಿಲ್ಲದೆ, ಇಂಜಿನ್ ಕಿತ್ತುಬರುವಷ್ಟು ನಡುಗುತ್ತದೆ. ಅದಕ್ಕೇ ಇಂಜಿನ್ ಆರಿಸಿ ಇಳಿಸಬೇಕಾಯಿತು.

"ಆ ಹದ್ದು ನಮ್ ಚೀಲಕ್ಕೇ ಬಂದಿತ್ತೇನಮ್ಮಾ?" ಮುನಿಕೆಂಪಮ್ಮನ ದನಿ ಸಣ್ಣದಾಗಿತ್ತು.

"ಅದು ನಂಗ ಗೊತ್ತಿಲ್ರಿ ಅಕ್ಕಾರ. ಆದ್ರ ನಾಳೆ ಬರೋ ಹದ್ದು ನಿಮ್ಮ ಚೀಲಕ್ಕ ಬರಬಾರದು, ಅಷ್ಟ."

ಮರುದಿನ ಬೆಳಿಗ್ಗೆ ಆನಂದಪ್ಪನೇ ಸೈಟಿನ ಚೀಲಗಳನ್ನೆಲ್ಲ ಎತ್ತಿ ತಂದು, ಮುಚ್ಚಳದ ಡ್ರಮ್ಮಿಗೆ ತುಂಬಿ, ಗಾಡಿ ಬರುವವರೆಗೆ ಕಾದ. ಮುನಿಕೆಂಪಮ್ಮ ಪಕ್ಕದ ಮೀನಿನಂಗಡಿಯ ಫರೀದಾಗೂ ಹೇಳಿ ಬಂದಳು. ಆದರೂ ವಿಮಾನದ ಸದ್ದು ಕೇಳಿದಾಗಲೆಲ್ಲ, ಅದು ಇಳಿಯುವವರೆಗೂ ಅವಳ ಕೈ ಕೆಲಸ ಮಾಡುವುದಿಲ್ಲ.

ವಿಮಾನಗಳು ಏರಿಳಿಯುವ ಕಡೆ ಇರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕೋಳಿ, ಮೀನು, ಊಟದ ಕಸವನ್ನು ಬಯಲಿಗೂ ಕೆರೆಯಂಚಿಗೂ ಎಸೆಯಬೇಡಿ. ಮುಚ್ಚಿಟ್ಟು ಗಾಡಿಗೇ ಕೊಡಿ. ಮೇಲೆ ಹೋಗುವ ವಿಮಾನದಲ್ಲಿ ಯಾರ ಮನೆಯ ಮಗಳು ಕೂತಿದ್ದಾಳೋ, ಕೆಳಗೆ ನಿಂತ ನಮಗೆ ಕಾಣುವುದಿಲ್ಲ.