ಭದ್ರಮ್ಮ ಕಾಸಿಟ್ಟ ತುಪ್ಪ

ಈಶ್ವರಮ್ಮ ಮೈ ಸವರಿಕೊಂಡರೆ ಸೀರೆಯ ನೂಲು ಎದ್ದು ಬರುತ್ತಿತ್ತು. ಮೊಣಕಾಲಿನ ಕೆಳಗೆ ಮೀನಿನ ಹುರುಪೆಯಂಥ ಚರ್ಮ, ಅಂಗೈ ತುಂಬ ಬಿರುಕು. ಈ ಮೈಗೆ ಎರಡನೆಯ ಸಂಬಂಧವೇ ಹೆಚ್ಚು ಎಂದು ತವರಿನವರು ಅವಳನ್ನು ನಾಗಸಂದ್ರದ ಆವಲಪ್ಪನಿಗೆ ಕೊಟ್ಟು ಕೈತೊಳೆದುಕೊಂಡಿದ್ದರು. ಆವಲಪ್ಪ ಪೀಣ್ಯದ ಹೊಸ ಶೆಡ್ಡೊಂದರಲ್ಲಿ ಲೇತ್ ತಿರುಗಿಸುವವನು. ಹೆಂಡತಿಯ ಮೈ ಹೇಗಿದೆ ಎಂದು ನೋಡಲು ಅವನಿಗೆ ಪುರುಸೊತ್ತಿರಲಿಲ್ಲ, ಅದೊಂದು ಪುಣ್ಯ.

ಅವಳ ಸಂಕಟ ಬೇರೆಯದೇ. ತೀರಿಹೋದ ಮೊದಲ ಹೆಂಡತಿ ಭದ್ರಮ್ಮನ ಮಗಳು, ಆರು ವರ್ಷದ ಅಂಜಿನಿ, ಇವಳ ಕೈ ಸೋಕಿಸಿಕೊಳ್ಳುತ್ತಿರಲಿಲ್ಲ. ತಲೆ ಬಾಚಲು ಹೋದರೆ "ಚುಚ್ಚತ್ತೆ" ಎಂದು ಜಾರಿಕೊಳ್ಳುವಳು. ಈಶ್ವರಮ್ಮ ಕಡಲೆಕಾಯಿ ಸುಲಿದು ಬಟ್ಟಲಲ್ಲಿಟ್ಟು ದೂರ ಕೂರುವಳು. ಹುಡುಗಿ ಬಂದು ತಿಂದು ಓಡುವಳು. ಆ ಮಗು ಒಮ್ಮೆ ತಾನಾಗಿ ಬಂದು ಕೈ ಹಿಡಿದರೆ ಸಾಕು ಎಂದು ಇವಳ ಜೀವ ಬಡಿದುಕೊಳ್ಳುತ್ತಿತ್ತು.

ಪಂಡಿತ ಪಾಪಯ್ಯ ನಾಡಿ ಹಿಡಿದು ನೋಡಿದರು. "ವಾತ ಕೆರಳಿ ಮೈಯಲ್ಲಿರೋ ಜಿಡ್ಡನ್ನೆಲ್ಲ ಹೀರ್ಕೊಂಡೈತೆ ಕಣಮ್ಮ. ಹುರಿಗಾಳು, ಹುಳಿಮೊಸ್ರು ಬಿಡು. ವರ್ಷಗಟ್ಲೆ ಇಟ್ಟಿರೋ ಹಳೇ ತುಪ್ಪ ಹುಡುಕು. ತಾಮ್ರದ ತಟ್ಟೇಲಿ ನೀರು ಹಾಕಿ, ಅಂಗೈಲಿ ಉಜ್ಜಿ ನೂರು ಸಲ ತೊಳಿ. ಬೆಣ್ಣೆ ಥರ ಬೆಳ್ಳಗಾಗ್ತದೆ. ಅದನ್ನ ಹಚ್ಕೋ."

ಅತ್ತೆ ಸೊಣ್ಣಮ್ಮ ಅಟ್ಟದಿಂದ ಬಾಯಿ ಕಟ್ಟಿದ ಗಡಿಗೆ ಇಳಿಸಿದಳು. "ಅಂಜಿನಿ ಉಟ್ಟಿದ ವರ್ಸ ಭದ್ರಿ ಕಾಸಿಟ್ಟಿದ್ದು. ಕಾಸೋವಾಗ ಉಕ್ಕಿ ಎಡಗೈ ಮಣಿಕಟ್ಟು ಸುಟ್ಕೊಂಡ್ಲು. ಉಣಸೆಬೀಜದಷ್ಟು ಕಲೆ. ಮಗೀಗೆ ಆ ಕಲೆ ಮ್ಯಾಲೆ ಎಬ್ಬೆಟ್ಟು ಇಟ್ರೇನೇ ನಿದ್ದೆ."

ಈಶ್ವರಮ್ಮ ದಿನವೂ ಹಿತ್ತಲಲ್ಲಿ ಕೂತು ತುಪ್ಪ ತೊಳೆದಳು. ಮೊದಮೊದಲು ಅದು ಬರೀ ತುಪ್ಪವೇ ಆಗಿತ್ತು. ಆಮೇಲೆ ತಟ್ಟೆಯ ನೀರೊಳಗೆ ತನ್ನ ಅಂಗೈಗೆ ಎದುರಾಗಿ ಇನ್ನೊಂದು ಅಂಗೈ ಮೆತ್ತಗೆ ಉಜ್ಜಿದಂತಾಯಿತು. ಹೆದರಿ ಕೈ ತೆಗೆದಳು. ಬಗ್ಗಿ ನೋಡಿದರೆ ಬಿಳಿಯ ತುಪ್ಪ, ಅಷ್ಟೇ. ಪುನಃ ಕೈ ಹಾಕಿದಳು.

ಹುರುಪೆ ಉದುರಿತು, ಬಿರುಕು ಕೂಡಿತು. ಅದರ ಹಿಂದೆಯೇ ಎಡಗೈ ಮಣಿಕಟ್ಟಿನಲ್ಲಿ ಹುಣಸೆಬೀಜದಷ್ಟು ಕಲೆಯೊಂದು ಕಾಣಿಸಿಕೊಂಡಿತು. ತೆಂಗಿನ ನಾರು ಹಾಕಿ ತಿಕ್ಕಿದರೂ ಹೋಗಲಿಲ್ಲ.

ಪಂಡಿತರು ಕಲೆಯನ್ನು ಒತ್ತಿ ನೋಡಿದರು. "ಆರೇಳು ವರ್ಷದ ಹಳೇ ಗಾಯ ಇದು. ಯಾವಾಗ ಸುಟ್ಕೊಂಡೆ?" ಅವಳು ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡಳು. "ಇರ್ಲಿ. ಗುಣ ಆಯ್ತು, ಇನ್ನು ತುಪ್ಪ ನಿಲ್ಸು" ಎಂದರು.

ನಿಲ್ಲಿಸುವುದೆಂದೇ ಮನೆಗೆ ಬಂದಳು. ಅಂದು ಮಧ್ಯಾಹ್ನ ಕಾರ್ಖಾನೆಯ ಸೈರನ್ ಕೂಗಿ ಅಡಗಿದ ಮೇಲೆ ಅಂಜಿನಿ ತಾನಾಗಿ ಬಂದು ಪಕ್ಕದಲ್ಲಿ ಮಲಗಿ, ಕಲೆಯ ಮೇಲೆ ಹೆಬ್ಬೆರಳಿಟ್ಟು, "ಅಮ್ಮ" ಎಂದು ಕಣ್ಣು ಮುಚ್ಚಿದಳು. ಈಶ್ವರಮ್ಮನಿಗೆ ಸಂತೋಷದಿಂದ ಅಳು ಬಂತು. ಮಗು ಕರೆದದ್ದು ಯಾರನ್ನು ಎಂದು ಗೊತ್ತಿತ್ತು. ಗೊತ್ತಿದ್ದೂ ಮರುದಿನ ತಟ್ಟೆ ಹಿಡಿದು ಕೂತಳು.

ಸೊಣ್ಣಮ್ಮ ಅವಳನ್ನು "ಭದ್ರಿ" ಎಂದು ಕೂಗತೊಡಗಿದಳು, ತಪ್ಪಾಯಿತೆಂದು ನಾಲಿಗೆ ಕಚ್ಚಿಕೊಳ್ಳಲೂ ಇಲ್ಲ. ಆವಲಪ್ಪ ಒಂದು ಸಂಜೆ ಇವಳನ್ನು ಕಂಡು ಹೊಸಿಲಲ್ಲೇ ನಿಂತುಬಿಟ್ಟ. ಅಷ್ಟು ದಿನ ನೋಡದವನಿಗೆ ಆಗ ಪುರುಸೊತ್ತಾಗಿತ್ತು.

ಗಡಿಗೆಯ ತಳ ಕೆರೆದು ಹಚ್ಚಿಕೊಂಡ ಮಧ್ಯಾಹ್ನ, ಅಂಜಿನಿ ಕಲೆಯ ಮೇಲೆ ಬೆರಳಿಟ್ಟು ಮಲಗಿದ್ದವಳು ಕಣ್ಣು ತೆರೆದಳು.

"ಅಮ್ಮ, ಕಡ್ಲೇಕಾಯಿ ಸುಲಿದು ಇಡ್ತಿದ್ಲಲ್ಲ, ಆ ಚಿಕ್ಕಮ್ಮ ಎಲ್ಲೋದ್ಲು? ಅವಳ ಕೈ ಚುಚ್ತಿತ್ತು. ಆದ್ರೂ ನಂಗೆ ಅವಳು ಬೇಕು. ಬರಾಕೇಳು."

ಇಲ್ಲೇ ಇದೀನಿ ಕಣೇ, ನಾನೇ ಅವಳು ಎನ್ನಲು ಈಶ್ವರಮ್ಮ ಬಾಯಿ ತೆರೆದಳು. ಅವಳ ಗಂಟಲಿನಿಂದ ಹೊರಟದ್ದು ಅವಳು ಎಂದೂ ಕೇಳಿರದ ದನಿ.

"ಒಂಟೋದ್ಲು ಕಣವ್ವ. ಇನ್ನು ಬರಾಕಿಲ್ಲ. ಮಲಿಕ್ಕೋ."