ಆಣೆ ಅಕ್ಕಮ್ಮ ಹೇಳಿದ ನಿಜ

ಹನ್ನೊಂದು ವರ್ಷ ಟಿವಿಯಲ್ಲಿ ಸುಳ್ಳು ಆಣೆ ಮಾಡಿಯೇ ಹೊಟ್ಟೆ ಹೊರೆದವಳು ನಾನು. ಊರು ಹೊಳಲ್ಕೆರೆ. ಉಷಾ ಎಂಬ ನನ್ನ ಹೆಸರು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಜನರಿಗೆಲ್ಲ ನಾನು ಆಣೆ ಅಕ್ಕಮ್ಮ. ಧಾರಾವಾಹಿಯಲ್ಲಿ ಅಕ್ಕಮ್ಮ ನೆತ್ತಿಯ ಮೇಲೆ ಕೈಯಿಟ್ಟು "ನಮ್ಮಪ್ಪನಾಣೆ ಕಣ್ರಿ" ಎಂದಳೆಂದರೆ ಮುಂದೆ ಬರುವುದು ಅಪ್ಪಟ ಸುಳ್ಳು ಎಂದು ಸಣ್ಣ ಮಕ್ಕಳಿಗೂ ಗೊತ್ತು.

ಆ ಸಂಪಾದನೆಯಲ್ಲೇ ಒಂದು ಬಸ್ಸು ಕೊಂಡು, ಹೆಂಗಸರ ಎದೆಯ ಗಂಟು ಪತ್ತೆ ಮಾಡುವ ಯಂತ್ರ ಕೂರಿಸಿ, ತಿಂಗಳಿಗೆರಡು ಸಲ ಹಳ್ಳಿಗಳಿಗೆ ಹೋಗುತ್ತೇನೆ. ಹಿರಿಯೂರು ಕಡೆಯ ಯಲ್ಲದಕೆರೆಯಲ್ಲಿ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದವಳು ಚಿತ್ತಮ್ಮ. ಕುರಿ ಸಾಕುವ ಮನೆಯವಳು, ನಲವತ್ತೈದರ ಗಟ್ಟಿ ಹೆಂಗಸು. ಪರೀಕ್ಷೆ ಮಾಡಿದ ನರ್ಸ್ ರಂಜಿತಾ ಕೆಳಗಿಳಿದು ಬಂದು, "ಎಡಗಡೆ ಗಂಟೈತೆ ಮೇಡಂ, ಚಿತ್ರದುರ್ಗಕ್ಕೆ ಕರ್ಕೊಂಡು ಹೋಗ್ಲೇಬೇಕು" ಎಂದು ಪಿಸುಗುಟ್ಟಿದಳು.

ಚಿತ್ತಮ್ಮನನ್ನು ಪಕ್ಕಕ್ಕೆ ಕರೆದು ಇದ್ದದ್ದು ಇದ್ದಂತೆ ಹೇಳಿದೆ. ಅವಳು ಬಾಯಿಗೆ ಸೆರಗು ಹಿಡಿದು ನಗತೊಡಗಿದಳು.

"ಕ್ಯಾಮ್ರಾ ಎಲ್ಲಿ ಬಚ್ಚಿಟ್ಟಿದೀಯ ಅಕ್ಕಮ್ಮ?"

"ಇದು ಶೂಟಿಂಗ್ ಅಲ್ಲ ಕಣವ್ವ. ನಿಜವಾಗ್ಲೂ ಗಂಟೈತೆ."

"ಹಂಗಾದ್ರೆ ಆಣೆ ಮಾಡು."

ನಾನೊಬ್ಬಳು ದಡ್ಡಿ, ಮಾಡಿದೆ. ಕೈ ನೆತ್ತಿಗೆ ಹೋದದ್ದೇ ತಡ, ದೂರದಲ್ಲಿದ್ದ ಹೆಂಗಸರೂ ಬಿದ್ದು ಬಿದ್ದು ನಕ್ಕರು. ಚಿತ್ತಮ್ಮ ಕಣ್ಣೊರೆಸಿಕೊಳ್ಳುತ್ತ, "ಕುರಿ ಬಿಡೋ ಹೊತ್ತಾತು, ಬರ್ತೀನಿ" ಎಂದು ಹೊರಟೇಬಿಟ್ಟಳು. ನನ್ನ ಕಸುಬಿನ ಮೇಲೆ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ಹಿಂದೆಯೇ ಓಡಿ, ಅವಳ ಕುರಿರೊಪ್ಪದ ಹತ್ತಿರ ಹಿಡಿದೆ. ಸುತ್ತ ಯಾರೂ ಇರಲಿಲ್ಲ. ಮುಳ್ಳುಬೇಲಿಯ ಮರೆಯಲ್ಲಿ ನಿಂತು ರವಿಕೆಯ ಗುಂಡಿ ಬಿಚ್ಚಿದೆ. ನನ್ನ ಬಲಗಡೆ ಎದೆಯಿಲ್ಲ, ಹೊಲಿಗೆ ಹಾಕಿದ ಗೆರೆ ಮಾತ್ರ ಇದೆ. ಐದು ವರ್ಷದಿಂದ ಅದನ್ನು ಡಾಕ್ಟರನ್ನು ಬಿಟ್ಟು ಇನ್ನೊಬ್ಬರು ನೋಡಿರಲಿಲ್ಲ. ನಗಿಸುವವಳಿಗೆ ಕ್ಯಾನ್ಸರ್ ಎಂದು ತಿಳಿದರೆ ಚಾನೆಲ್ಲಿನವರು ಪಾತ್ರವನ್ನೇ ಸಾಯಿಸುತ್ತಾರೆಂಬ ಹೆದರಿಕೆ ನನಗಿತ್ತು.

ಚಿತ್ತಮ್ಮನ ನಗು ನಿಂತಿತು. ಅವಳೇ ನನ್ನ ಗುಂಡಿ ಹಾಕಿ, ಸೆರಗು ಸರಿಮಾಡಿ, "ನಡಿಯವ್ವ, ಹೋಗಾಣ" ಎಂದಳು.

ಚಿತ್ರದುರ್ಗದಲ್ಲಿ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ಎಂಟು ದಿನ ನನಗೆ ಊಟ ಸೇರಲಿಲ್ಲ. ವರದಿ ಬಂದ ದಿನ ಇಬ್ಬರೂ ಒಟ್ಟಿಗೇ ಹೋದೆವು. ಡಾಕ್ಟರು ಹಾಳೆ ತಿರುವಿ, "ಕ್ಯಾನ್ಸರ್ ಅಲ್ಲ, ಸಾದಾ ಗಂಟು. ಆರು ತಿಂಗಳಿಗೊಮ್ಮೆ ಬಂದು ತೋರಿಸ್ರಿ, ಸಾಕು" ಎಂದರು.

ಸದ್ಯ, ಬದುಕಿದೆವು ಎನಿಸಿತು. ಹೊರಗೆ ಬಂದವಳೇ ಬೆಂಚಿನ ಮೇಲೆ ಕುಸಿದು ಗೊಳೋ ಎಂದು ಅತ್ತೆ. ಗಂಟು ಇದ್ದವಳು ಪಕ್ಕದಲ್ಲಿ ಕೂತು, ನಾನು ಸುಮ್ಮನಾಗುವ ತನಕ ಬೆನ್ನು ಸವರಿದಳು.

"ನಿನ್ನ ರಿಪೋರ್ಟ್ ಬಂದಾಗ ಜೊತೆಗೆ ಯಾರಿದ್ರು?"

"ಯಾರೂ ಇರ್ಲಿಲ್ಲ. ಜನ ಗುರುತು ಹಿಡೀತಾರೆ ಅಂತ ಮಾಸ್ಕ್ ಹಾಕ್ಕೊಂಡು ಒಬ್ಳೇ ಹೋಗಿದ್ದೆ."

"ನಿನ್ನ ಮುಂದಿನ ಚೆಕಪ್ ಯಾವಾಗ?" ಎಂದಳು.

"ಬರೋ ತಿಂಗಳು, ಬೆಂಗಳೂರಲ್ಲಿ."

"ತಾರೀಕು ಹೇಳು. ಕುರಿ ನಮ್ಮ ಮೈದ್ನ ನೋಡ್ಕತಾನೆ. ನಾನು ಬರ್ತೀನಿ."