ಅಲಾರಂ ಮನಿ

ನಾನು ಮನೆ ಕಾಯುವ ಒಂದು ಅಲಾರಂ. ಬೆಂಗಳೂರಿನ ತಗಡಿನ ಶೆಡ್ಡೊಂದರಲ್ಲಿ, ಬೆಸುಗೆಯ ಹೊಗೆಯ ನಡುವೆ ಹುಟ್ಟಿದೆ. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ ನನ್ನ ಮೈ. ಎದೆಯ ಮೇಲೆ ಅಂಕಿಗಳ ಗುಂಡಿಗಳು, ಹೊಟ್ಟೆಯೊಳಗೆ ಕರೆಂಟು ಹೋದರೂ ಉಸಿರು ನಿಲ್ಲದಿರಲೆಂದು ಒಂದು ಬ್ಯಾಟರಿ. ಗಂಟಲು ಮಾತ್ರ ಬೇರೆ. ಅದು ಹೊರಗೋಡೆಯ ಮೇಲೆ ಎತ್ತರದಲ್ಲಿ ಕೂರಿಸುವ ಸೈರನ್ನು. ಅದನ್ನು ಮೊದಲ ಸಲ ಕೂಗಿಸಿ ನೋಡಿದ ಹೆಂಗಸು ಎರಡೂ ಕಿವಿ ಮುಚ್ಚಿಕೊಂಡು ಜೋರಾಗಿ ನಕ್ಕಳು. ಪಕ್ಕದಲ್ಲಿ ಕುಳಿತವರೂ ನಕ್ಕರು. ಆಮೇಲೆ ನನ್ನನ್ನು ಹುಲ್ಲು ತುಂಬಿದ ರಟ್ಟಿನ ಡಬ್ಬಿಗೆ ಹಾಕಿ ಹುಬ್ಬಳ್ಳಿಗೆ ಕಳಿಸಿದರು.

ಕೇಶ್ವಾಪುರದ ಒಂದು ಓಣಿಯಲ್ಲಿ ಮುರಿಗೆಪ್ಪ ಯಾವಗಲ್ ಅವರ ಮನೆ. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಆ ವರ್ಷ ಅವರೆಲ್ಲ ಗದಗಿಗೆ ಮದುವೆಗೆ ಹೋಗಿದ್ದಾಗ ಕಳ್ಳರು ಹಿಂಬಾಗಿಲು ಮುರಿದು ಒಳಗೆ ಬಂದಿದ್ದರು. ಹೋದ ಒಡವೆ ಹೆಚ್ಚೇನಿರಲಿಲ್ಲ. ಆದರೆ ಅವರ ಹೆಂಡತಿ ಪ್ರಭಾವತಿಯ ಧೈರ್ಯ ಪೂರಾ ಹೋಗಿತ್ತು. ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಹೋದರೆ ಆಕೆ ಬಾಗಿಲಿಗೆ ಚಿಲಕ ಹಾಕಿ, ಅಡಿಗೆಮನೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂರುತ್ತಿದ್ದರು. ಕುಕ್ಕರಿನ ಸೀಟಿಗೂ ಬೆಚ್ಚುತ್ತಿದ್ದರು.

"ಈ ಮನಿ ಬ್ಯಾಡ್ರೀ ನನಗ. ಯಾವಾಗ ನೋಡಿದ್ರೂ ಯಾರೋ ನಿಂತಂಗ ಆಗತೈತಿ," ಎಂದು ಅಳುತ್ತಿದ್ದರಂತೆ.

ಅದಕ್ಕೇ ಮುರಿಗೆಪ್ಪ ನನ್ನನ್ನು ತಂದರು. ಬಾಗಿಲು, ಕಿಟಕಿಗಳಿಗೆಲ್ಲ ಪುಟ್ಟ ಅಯಸ್ಕಾಂತಗಳು ಬಂದವು. ಗೋಡೆಯುದ್ದಕ್ಕೂ ವೈರು ಓಡಿತು. ಒಲೆಯ ಪಕ್ಕ, ಪ್ರಭಾವತಿಯ ಕೈಗೆಟಕುವಲ್ಲಿ ಒಂದು ಕೆಂಪು ಗುಂಡಿ ಕೂತಿತು. "ಅಂಜಿಕಿ ಬಂದ್ರ ಇದನ್ನ ಒತ್ತು. ಇಡೀ ಓಣಿ ಓಡಿ ಬರತೈತಿ," ಎಂದರು ಮುರಿಗೆಪ್ಪ.

ಓಣಿ ಬಂದದ್ದೂ ನಿಜ. ನಾನು ಬಂದ ವಾರವೇ ಬೆಕ್ಕೊಂದು ಕಿಟಕಿ ದೂಡಿತು, ನಾನು ಕೂಗಿದೆ. ಬಡಿಗೆ ಹಿಡಿದವರು, ಲಟ್ಟಣಿಗೆ ಹಿಡಿದವರು, ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದ ಎದುರುಮನೆಯ ಟೇಲರ್ ರಾಚಪ್ಪ, ಎಲ್ಲರೂ ಅಂಗಳದಲ್ಲಿ ನೆರೆದರು. ಬೆಕ್ಕನ್ನು ಕಂಡು ನಕ್ಕರು. ಪ್ರಭಾವತಿ ನಾಚಿಕೊಂಡು ಎಲ್ಲರಿಗೂ ಚಹಾ ಮಾಡಿದರು. ಅಂದಿನಿಂದ ನಮ್ಮದು 'ಅಲಾರಂ ಮನಿ'. ಪೋಸ್ಟ್‌ಮನ್ನೂ ಹಾಗೇ ಕರೆಯುತ್ತಿದ್ದ. ಪ್ರಭಾವತಿ ನಿಧಾನವಾಗಿ ಚಿಲಕ ತೆಗೆದು ಹೊರಗೆ ಬಂದು, ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸತೊಡಗಿದರು. ಕೆಲಸ ಮುಗಿಸಿ ಒಳಗೆ ಬಂದಾಗ ಸೆರಗಿನಿಂದ ನನ್ನ ಮೇಲಿನ ಧೂಳು ಒರೆಸುವರು. ಆ ಸೆರಗಿಗೆ ಒಗ್ಗರಣೆಯ ವಾಸನೆ ಇರುತ್ತಿತ್ತು. ಅಷ್ಟು ಅಕ್ಕರೆಯಿಂದ ನನ್ನನ್ನು ಮುಂದೆ ಯಾರೂ ಮುಟ್ಟಲಿಲ್ಲ.

ಒಂದು ಭಾನುವಾರ ಊಟ ಮುಗಿಸಿ ಕೈ ತೊಳೆಯಲು ಎದ್ದ ಮುರಿಗೆಪ್ಪ ಎದೆ ಹಿಡಿದುಕೊಂಡು ಅಲ್ಲೇ ಕುಸಿದರು. ಮೈಯೆಲ್ಲ ಬೆವರು. ಪ್ರಭಾವತಿ ಫೋನಿಗೆ ಓಡಿದರು. ರಸ್ತೆ ಅಗೆದವರು ತಂತಿ ಕಡಿದಿದ್ದರು, ಫೋನು ಸತ್ತಿತ್ತು. ಆಕೆ ತಿರುಗಿ ಬಂದು ಕೆಂಪು ಗುಂಡಿಯನ್ನು ಒತ್ತಿದರು. ಬೆರಳು ತೆಗೆಯದೆ ಒತ್ತಿಯೇ ನಿಂತರು. ನಾನು ಅದುವರೆಗೆ ಎಂದೂ ಕೂಗದ ಹಾಗೆ ಕೂಗಿದೆ.

ರಾಚಪ್ಪ ಬಡಿಗೆ ಎತ್ತಿಕೊಂಡೇ ಒಳನುಗ್ಗಿದ. "ಎಲ್ಲದಾನ್ರೀ ಕಳ್ಳ?"

"ಕಳ್ಳ ಅಲ್ಲೋ ರಾಚಣ್ಣ! ಇವ್ರನ್ನ ನೋಡು, ಎದಿ ಹಿಡಕೊಂಡಾರ!"

ಬಡಿಗೆ ನೆಲಕ್ಕೆ ಬಿತ್ತು. ನಾಲ್ಕಾರು ಜನ ಅವರನ್ನು ಕುರ್ಚಿಯ ಸಮೇತ ಎತ್ತಿ, ತರಕಾರಿ ಇಳಿಸುತ್ತಿದ್ದ ಟೆಂಪೊದಲ್ಲಿ ಕೂರಿಸಿ ಆಸ್ಪತ್ರೆಗೆ ಒಯ್ದರು. ಕೂಗಿ ಕೂಗಿ ನನ್ನ ದನಿ ತಾನಾಗಿ ನಿಂತಿತು. ಮನೆಯಲ್ಲಿ ಯಾರೂ ಇರಲಿಲ್ಲ, ಬಾಗಿಲು ಹಾರುಹೊಡೆದಿತ್ತು. ಆ ಮಧ್ಯಾಹ್ನ ಯಾರಾದರೂ ಒಳಗೆ ಬಂದು ಏನನ್ನು ಬೇಕಾದರೂ ಒಯ್ಯಬಹುದಿತ್ತು. ಯಾರೂ ಬರಲಿಲ್ಲ. ಸಂಜೆ ರಾಚಪ್ಪನ ಹೆಂಡತಿ ಬಂದು ದೀಪ ಹಚ್ಚಿ ಬಾಗಿಲೆಳೆದುಕೊಂಡು ಹೋದಳು.

ಮುರಿಗೆಪ್ಪ ಉಳಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಮನೆಗೆ ಬಂದ ದಿನ ಅವರು ಚಪ್ಪಲಿ ಬಿಟ್ಟು ನೆಟ್ಟಗೆ ನನ್ನ ಮುಂದೆ ಬಂದರು. ಅಂಗೈಯನ್ನು ನನ್ನ ಮೇಲಿಟ್ಟು ಸ್ವಲ್ಪ ಹೊತ್ತು ನಿಂತರು.

ಮಗಳ ಮದುವೆಯಾದ ಮೇಲೆ, ಮೆಟ್ಟಿಲು ಹತ್ತುವುದು ಬೇಡವೆಂದು ಅವರು ಮನೆ ಮಾರಿದರು. ಆದರೆ ಓಣಿ ಬಿಡಲು ಪ್ರಭಾವತಿ ಒಪ್ಪಲಿಲ್ಲ. ಕೊನೆಯಲ್ಲಿದ್ದ ಒಂದು ಚಿಕ್ಕ ಮನೆ ಹಿಡಿದರು. ಕೊಂಡವರು ಇಲ್ಲಿ ಇರಲೇ ಇಲ್ಲ, ಬಾಡಿಗೆಗೆ ಕೊಟ್ಟರು. ಬಾಡಿಗೆಯವರು ಬಂದರು, ಹೋದರು. ಒಬ್ಬರು ಕಾವಲಿಗಿರಲಿ ಎಂದು ಹೊಸ ಬ್ಯಾಟರಿ ಹಾಕಿಸಿದರು, ಆಮೇಲೆ ಮರೆತರು. ಇನ್ನೊಬ್ಬರು ನನ್ನ ಮೇಲೆ ಕ್ಯಾಲೆಂಡರ್ ತೂಗುಹಾಕಿದರು. ತಿಂಗಳುಗಳು ನನ್ನ ಮುಖದ ಮೇಲೇ ಹರಿದುಹೋದವು.

ಕೊನೆಗೆ ಮನೆ ಶಬಾನಾಳದ್ದಾಯಿತು. ಆಕೆ ಹೈಸ್ಕೂಲ್ ಟೀಚರು. ಗಂಡ ಕಾರವಾರದಲ್ಲಿ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಉಳಿದ ದಿನ ಆಕೆ ಮತ್ತು ಪುಟ್ಟ ಮಗಳು ಮಾತ್ರ. ಸಂಜೆಯಾದರೆ ಆಕೆ ಬಾಗಿಲ ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡುವುದನ್ನು ಕಂಡಾಗ ನನಗೆ ಪ್ರಭಾವತಿಯ ನೆನಪಾಗುತ್ತಿತ್ತು. ಓಣಿಯ ಯಾರ ಪರಿಚಯವೂ ಆಕೆಗಿರಲಿಲ್ಲ. ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗಿ ಸಂಜೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ನನ್ನನ್ನು ನೋಡಲು ಬಂದ ಮೆಕ್ಯಾನಿಕ್, "ಇದರ ಸಾಮಾನು ಈಗ ಸಿಗಂಗಿಲ್ರೀ ಮೇಡಂ, ಗ್ವಾಡಿ ಎಲ್ಲಾ ಒಡೀಬೇಕು," ಎಂದು ಹೋಗಿಬಿಟ್ಟ. ಶಬಾನಾ ತಾನೇ ಹೊಸದನ್ನು ತರಿಸಿದಳು. ವೈರಿಲ್ಲದ, ಅಂಗೈಯಗಲದ ಬಿಳಿ ಬಿಲ್ಲೆ. ಒಂದು ಶನಿವಾರ ಮಧ್ಯಾಹ್ನ ಮೇನ್ ಸ್ವಿಚ್ ಆರಿಸಿ, ಸ್ಟೂಲ್ ಹತ್ತಿ, ನನ್ನನ್ನು ಕಳಚುವ ಮುಂಚೆ ವೈರುಗಳ ಫೋಟೊ ತೆಗೆಯಲೆಂದು ಮುಚ್ಚಳದ ತಿರುಪು ಬಿಚ್ಚಿದಳು. ಕರೆಂಟಿಲ್ಲವಲ್ಲ, ಇನ್ನು ಜೀವವಿಲ್ಲ ಎಂದುಕೊಂಡಿದ್ದಳು. ಬ್ಯಾಟರಿಯಲ್ಲಿ ಇನ್ನೂ ಉಸಿರಿತ್ತು. ಮುಚ್ಚಳ ಬಿಚ್ಚುವವನು ಕಳ್ಳ ಎಂದೇ ನನಗೆ ಕಲಿಸಿದ್ದರು. ನಾನು ಕೂಗಿದೆ.

ಆಕೆ ಸ್ಟೂಲಿನಿಂದ ಜಿಗಿದಳು. ಮಗು ಅತ್ತಿತು. ಯಾವ ಗುಂಡಿ ಒತ್ತಿದರೂ ನಾನು ಸುಮ್ಮನಾಗಲಿಲ್ಲ, ನನ್ನನ್ನು ಸುಮ್ಮನಾಗಿಸುವ ಗುಟ್ಟಿನ ಅಂಕಿಗಳು ಆಕೆಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಹೆಜ್ಜೆಗಳ ಸದ್ದು. ತಲೆ ನೆರೆತ ರಾಚಪ್ಪ, ಅವನ ಸೊಸೆ, ಇನ್ನೂ ಯಾರ್ಯಾರೋ. ಅವರನ್ನೆಲ್ಲ ಸರಿಸಿಕೊಂಡು ಪ್ರಭಾವತಿ ಒಳಗೆ ಬಂದರು. ಕೈಯೆಲ್ಲ ಜೋಳದ ಹಿಟ್ಟು. ನನ್ನ ಗುಂಡಿಗಳನ್ನು ಒಂದೊಂದಾಗಿ ಒತ್ತಿದರು. ಅಂಕಿಗಳನ್ನು ಯಾರೂ ಬದಲಿಸಿರಲಿಲ್ಲ. ನಾನು ಸುಮ್ಮನಾದೆ.

"ನಾನು ತೆಗೀಲಿಕ್ಕೆ ಹೋಗಿದ್ದೆ ಆಂಟಿ. ಸಾರೀರಿ, ಎಲ್ಲಾರಿಗೂ ತ್ರಾಸ ಆತು," ಎಂದಳು ಶಬಾನಾ. ಕಣ್ಣಲ್ಲಿ ನೀರಿತ್ತು.

"ತ್ರಾಸ ಎಂಥಾದ್ದವ್ವಾ! ಇದರ ದನಿ ಕೇಳಿ ಎಷ್ಟ್ ವರ್ಷ ಆಗಿತ್ತ," ಎಂದು ಪ್ರಭಾವತಿ ಮಗುವನ್ನು ಎತ್ತಿಕೊಂಡರು.

ಕೋಲೂರಿಕೊಂಡು ಮುರಿಗೆಪ್ಪ ಎಲ್ಲರಿಗಿಂತ ಕೊನೆಗೆ ಬಂದರು. ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕುಳಿತು ನನ್ನ ಕಡೆ ನೋಡಿದರು. "ಇದಿಲ್ಲಂದ್ರ ನಾ ಇರ್ತಿದ್ದಿಲ್ಲವ್ವಾ," ಎಂದು ಶಬಾನಾಳಿಗೆ ಆ ಭಾನುವಾರದ ಕತೆ ಹೇಳಿದರು. ಆಮೇಲೆ, "ನಡೀಲಿ, ನಿನ್ನ ಕೆಲಸ ಮಾಡು," ಎಂದು ಕೈ ಚಾಚಿದರು. ಆಕೆ ಒಂದೊಂದು ತಿರುಪು ಬಿಚ್ಚಿದಂತೆ ಅವರು ಅಂಗೈಯಲ್ಲಿ ಇಸಿದುಕೊಂಡರು. ಬ್ಯಾಟರಿಯ ತಂತಿ ಕಳಚಿದಾಗ ನನ್ನ ಎದೆಯ ಕೆಂಪು ದೀಪ ಆರಿತು. ನೋವಾಗಲಿಲ್ಲ.

ಬಾಗಿಲಿಗೆ ಹೊಸ ಬಿಲ್ಲೆ ಅಂಟಿತು. ಪ್ರಭಾವತಿ ಅದನ್ನು ತಿರುವಿ ನೋಡಿ, "ಇದು ಒದರಂಗಿಲ್ಲೇನು?" ಎಂದರು.

"ಸಣ್ಣಂಗ ರೀ. ನನ್ನ ಮೊಬೈಲಿಗೆ ಬರತೈತಿ."

"ನೀ ಸಾಲಿಯೊಳಗಿದ್ರ? ಇಲ್ಲಿ ಯಾರು ಓಡಿ ಬರೋರು?"

ಶಬಾನಾ ತನ್ನ ಮೊಬೈಲು ತೆಗೆದಳು. ಆಮೇಲೆ, "ನಿಮ್ಮ ಫೋನ್ ಕೊಡ್ರಿ ಆಂಟಿ," ಎಂದಳು.

ಏನೇನೋ ಒತ್ತಿ ಫೋನನ್ನು ಹಿಂದಿರುಗಿಸಿ, ಮುಂಬಾಗಿಲನ್ನು ಎಳೆದು ತೆರೆದಳು. ಪ್ರಭಾವತಿಯ ಕೈಯಲ್ಲಿ ಫೋನು ಕಿರುಗುಟ್ಟಿತು. ತಾನು ಅದೇ ಮನೆಯ ನಡುವೆ ನಿಂತಿರುವುದನ್ನೂ ಮರೆತು ಆಕೆ ಫೋನಿಗೆ, "ಬಂದೆ, ಬಂದೆ ತಂಗೀ!" ಎಂದುಬಿಟ್ಟರು. ಎಲ್ಲರೂ ನಕ್ಕರು. ಶಬಾನಾ ಚಹಾಕ್ಕೆ ನೀರಿಟ್ಟಳು.

ಈಗ ನಾನು ಮಾಳಿಗೆಯ ಮೇಲೆ ರಟ್ಟಿನ ಡಬ್ಬಿಯಲ್ಲಿದ್ದೇನೆ. ಕೆಳಗೆ ಆಗಾಗ ಪ್ರಭಾವತಿಯ ದನಿ ಕೇಳುತ್ತದೆ. ಶಾಲೆಯಿಂದ ಬಂದ ಮಗು ಅವರ ಬಳಿಯೇ ರೊಟ್ಟಿ ತಿನ್ನುತ್ತದೆ. ಇಷ್ಟು ವರ್ಷ ಕಳ್ಳರಿಗಾಗಿ ಕಾದೆ, ಒಬ್ಬನ ಮುಖವನ್ನೂ ನೋಡಲಿಲ್ಲ. ನನಗೆ ನೆನಪಿರುವುದೆಲ್ಲ ಓಡಿ ಬಂದವರ ಮುಖಗಳೇ.